ಕಾಲರ್ ಕೆಳಗಿನ ಜಾತಕ

ಟೈಲರ್ ಮಾಸ್ತರರಿಗೆ ಕಾಗದದ ಮೇಲೆ ನಂಬಿಕೆಯೇ ಇಲ್ಲ. ಕಾಗದ ಹರಿಯುತ್ತದೆ, ನೆನೆಯುತ್ತದೆ, ಬೇಕಾದ ಹೊತ್ತಿಗೆ ಸರಿಯಾಗಿ ಮಾಯವಾಗುತ್ತದೆ. ಬಟ್ಟೆ ಹಾಗಲ್ಲ, ಮನುಷ್ಯ ಎಲ್ಲಿ ಬಿದ್ದರೂ ಮೈಮೇಲೇ ಇರುತ್ತದೆ. (ಅವರ ಅಂಗಡಿಯಿಂದ ಹೇಳಿದ ದಿನಕ್ಕೆ ಬಟ್ಟೆ ಪಡೆದವರು ಯಾರೂ ಇಲ್ಲ, ಅದು ಬೇರೆ ಮಾತು.)

ಹಾಗಾಗಿ, ದಿಢೀರನೆ ಯಾರಾದರೂ ಆಸ್ಪತ್ರೆ ಸೇರುವ ಹಾಗಾದರೆ ಬೇಕಾದೀತು, ಎಲ್ಲರ ಕಾಯಿಲೆ ಕಸಾಲೆ, ಆಗುವ ಆಗದ ಔಷಧಿ ಬರೆದು ಬಾಗಿಲ ಹಿಂದೆ ಅಂಟಿಸೋಣ ಎಂದು ಹೆಂಡತಿ ಹೇಳಿದಾಗ ಅವರು ನಕ್ಕುಬಿಟ್ಟರು.

"ಬಿದ್ದವನು ಬಾಗಿಲು ಹೊತ್ಕೊಂಡು ಹೋಗ್ತಾನೇನೇ?"

ಅಷ್ಟು ಹೇಳಿ, ಮೂರು ದಿನ ಗಿರಾಕಿಗಳ ಕೆಲಸವನ್ನೆಲ್ಲ ಮೂಲೆಗೆ ತಳ್ಳಿ, ಮನೆಯ ಪ್ರತಿಯೊಂದು ಅಂಗಿಗೂ ಕಾಲರಿನ ಕೆಳಗೆ, ಒಳಗಡೆ, ಅಂಗೈಯಗಲದ ಬಿಳಿ ಪಟ್ಟಿ ಹಚ್ಚಿ ಕೆಂಪು ದಾರದಲ್ಲಿ ಅಕ್ಷರ ಹೊಲಿದರು.

ಅವರ ಸ್ವಂತ ಅಂಗಿಯ ಪಟ್ಟಿ ಚುಟುಕು: 'ಪೆನ್ಸಿಲಿನ್ ಕೊಡಲೇಬಾರದು. ಸಕ್ಕರೆ ಕಾಯಿಲೆ ಇಲ್ಲ.' ಹಿಂದೊಮ್ಮೆ ಆ ಇಂಜೆಕ್ಷನ್ ಚುಚ್ಚಿಸಿಕೊಂಡು ಮುಖ ಊದಿ, ಉಸಿರು ಸಿಕ್ಕಿಕೊಂಡು, ಜೀವ ಹೋಗಿ ಬಂದಿತ್ತು. ಅವರ ಜೊತೆಗೇ ಇದ್ದ ಮಾವನವರದು ಮಾತ್ರ ಉದ್ದನೆಯ ಪಟ್ಟಿ: 'ಸಕ್ಕರೆ ಕಾಯಿಲೆ ಇದೆ. ಕಿವಿ ಮಂದ. ಹಲ್ಲು ಕಟ್ಟಿಸಿದ್ದು, ಮೊದಲು ತೆಗೆಯಿರಿ. ಇಂಜೆಕ್ಷನ್ ಯಾವುದಾದರೂ ಆಗುತ್ತದೆ. ನಾನು ಅವನಲ್ಲ ಎಂದರೆ ನಂಬಬೇಡಿ.' ಕೊನೆಯದು ಅನುಭವದ ಮಾತು. ಸೂಜಿ ಕಂಡರೆ ಸಾಕು, ತಾನು ರೋಗಿಯಲ್ಲ, ರೋಗಿಯ ತಮ್ಮ ಎಂದು ಹೇಳಿ ಎದ್ದು ಹೊರಡುವ ಆಸಾಮಿ ಮಾವನವರು.

ಎಲ್ಲ ಸರಿಯಿತ್ತು. ಆದರೆ ಮಾಸ್ತರರು ಜುಗ್ಗರು, ಉಳಿದ ನೀಲಿ ಗೀರಿನ ಬಟ್ಟೆಯೊಂದರಲ್ಲೇ ಮಾವನಿಗೂ ತಮಗೂ ಅಂಗಿ ಹೊಲಿದಿದ್ದರು. ಅಳತೆಯೂ ಹೆಚ್ಚುಕಡಿಮೆ ಒಂದೇ. ಒಂದು ಬೆಳಿಗ್ಗೆ ಅವಸರದಲ್ಲಿ ಗೂಟಕ್ಕೆ ಕೈ ಹಾಕಿ, ಸಿಕ್ಕಿದ ನೀಲಿ ಅಂಗಿ ತೊಟ್ಟು ಅಂಗಡಿಗೆ ನಡೆದರು.

ಅಲ್ಲಿ ದೊಡ್ಡ ಕತ್ತರಿ ಜಾರಿ ಅಂಗೈ ಸೀಳಿತು. ರಕ್ತ ನೋಡಿದ್ದೇ ತಡ, ಮಾಸ್ತರರು ದೊಪ್ಪನೆ ಬಿದ್ದರು. ಪಕ್ಕದ ಚಪ್ಪಲಿ ಅಂಗಡಿಯವನು ಅವರನ್ನು ಆಸ್ಪತ್ರೆಗೆ ಸಾಗಿಸಿ, ಹೆಂಡತಿಯನ್ನು ಕರೆತರಲು ಓಡಿದ.

ಎಚ್ಚರವಾದಾಗ ಬಾಯೊಳಗೆ ಯಾರದೋ ಎರಡು ಬೆರಳಿದ್ದವು. ನರ್ಸಮ್ಮ ಅವರ ಮುಂದಿನ ಹಲ್ಲುಗಳನ್ನು ಜಗ್ಗಿ ನೋಡುತ್ತಿದ್ದಳು. ಕಟ್ಟಿಸಿದ ಹಲ್ಲನ್ನು ಇಷ್ಟು ಗಟ್ಟಿಯಾಗಿ ಕೂರಿಸಿದ ಪುಣ್ಯಾತ್ಮ ಯಾರೋ ಎಂದು ಕಿವಿಯ ಹತ್ತಿರವೇ ಅರಚಿ ಕೇಳಿದಳು. ಮಾಸ್ತರರಿಗೆ ವಿಷಯ ಹೊಳೆಯಿತು. ಪಕ್ಕದ ತಟ್ಟೆಯಲ್ಲಿ ತುಂಬಿಟ್ಟ ಸಿರಿಂಜು ಕಂಡಿತು. ಯಾವ ಔಷಧಿ ಎಂದು ಕೇಳಿದರೆ, ಪೆನ್ಸಿಲಿನ್ ಎಂದಳು. ಅವರು ತೋಳನ್ನು ಹಿಂದಕ್ಕೆಳೆದುಕೊಂಡರು.

"ಅಮ್ಮಾ, ಅದು ನನಗೆ ಆಗಲ್ಲ, ಸತ್ತೇ ಹೋಗ್ತೀನಿ. ಈ ಅಂಗಿ ನಮ್ಮ ಮಾವಂದು. ನಾನು ಅವರಲ್ಲ."

"ಹಾಗೇ ಹೇಳ್ತೀರಿ ಅಂತ ಬರೆದಿದೆ ಅಜ್ಜಾ," ಎಂದು ನರ್ಸಮ್ಮ ಅಕ್ಕರೆಯಿಂದ ತೋಳು ಹಿಡಿದಳು.

ಅದನ್ನು ಹೊಲಿದವನೇ ನಾನು ಎಂದು ಮಾಸ್ತರರು ಗೋಗರೆದರು. ಹಾಗಾದರೆ ನೀವೇ ಬರೆದದ್ದು, ಇನ್ನೂ ಒಳ್ಳೆಯದಾಯಿತು ಎಂದು ಅವಳು ಸ್ಪಿರಿಟ್ ಹಚ್ಚಿದಳು. ಜನ್ಮದಲ್ಲಿ ಮೊದಲ ಸಲ ಅವರ ಹೊಲಿಗೆಯಲ್ಲಿ ಯಾರೂ ತಪ್ಪು ಹುಡುಕಲಿಲ್ಲ.

ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಬಂದು ಒಂದು ಹಾಳೆ ಚಾಚಿದಳು. ಗಂಡ ಹೊಲಿಗೆಯಲ್ಲಿ ಮುಳುಗಿದ್ದ ಆ ಮೂರು ದಿನದಲ್ಲೇ ಅವಳು ಸದ್ದಿಲ್ಲದೆ ಬರೆದು ಅಂಟಿಸಿದ್ದ ಹಾಳೆ. ಮೇಲ್ಗಡೆ ಮಾಸ್ತರರ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ಪೆನ್ಸಿಲಿನ್ ವಿಷಯ. ನರ್ಸಮ್ಮ ಫೋಟೋ ನೋಡಿದಳು, ಮುಖ ನೋಡಿದಳು, ಸಿರಿಂಜು ಕೆಳಗಿಟ್ಟಳು. ಮಾಸ್ತರರಿಗೆ ಹೋದ ಜೀವ ಬಂದಂತಾಗಿ ಕಣ್ಣಲ್ಲಿ ನೀರು ಬಂತು. ನರ್ಸಮ್ಮ ಕೊನೆಯ ಸಾಲನ್ನೂ ಗಟ್ಟಿಯಾಗಿ ಓದಿದಳು: 'ರಕ್ತ ಕಂಡರೆ ಬೀಳುತ್ತಾರೆ, ಗಾಬರಿ ಬೇಡ. ಎಚ್ಚರವಾದ ಮೇಲೆ ಉಪದೇಶ ಮಾಡುತ್ತಾರೆ, ಅದಕ್ಕೂ ಗಾಬರಿ ಬೇಡ.'

"ಬಾಗಿಲು ಹೊತ್ಕೊಂಡು ಬರಲಿಲ್ಲ ರೀ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. "ಹಾಳೆ ಮಾತ್ರ ಕಿತ್ಕೊಂಡು ಬಂದೆ."

ಬೇರೆ ಔಷಧಿ, ಆರು ಹೊಲಿಗೆ ಹಾಕಿಸಿಕೊಂಡು (ಅದನ್ನು ಹಾಕಿದ ಡಾಕ್ಟರಿಗೆ ಕೈ ಓರೆಯಾಯಿತೆಂದು ಉಪದೇಶವನ್ನೂ ಮಾಡಿ) ಮಾಸ್ತರರು ಮನೆಗೆ ಹೊರಟರು. ಇನ್ನು ಮುಂದೆ ಕಾಗದವೇ ಗತಿ, ಪಟ್ಟಿಗಳನ್ನೆಲ್ಲ ಬಿಚ್ಚಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಒಪ್ಪಿಕೊಂಡರು.

ಮನೆಯಲ್ಲಿ ಮಾವನವರು ಇನ್ನೊಂದು ನೀಲಿ ಅಂಗಿ ತೊಟ್ಟು, ಕ್ರೀಮ್ ಬಿಸ್ಕತ್ತಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಡಬ್ಬಿ ಅರ್ಧ ಖಾಲಿ. ಮಗಳು ಡಬ್ಬಿಯತ್ತ ಬೆರಳು ತೋರಿಸಿ ತಲೆ ಚಚ್ಚಿಕೊಂಡದ್ದು ಕಂಡು, ಮುದುಕರು ನಿಧಾನವಾಗಿ ಕಾಲರ್ ತಿರುಗಿಸಿ ತೋರಿಸಿದರು.

"ಸಕ್ಕರೆ ಕಾಯಿಲೆ ಇಲ್ಲ ಅಂತ ಹೊಲಿದಿದ್ದಾರಲ್ಲಮ್ಮಾ. ಅಳಿಯಂದಿರ ಮಾತಿಗೆ ಈ ಮನೇಲಿ ಬೆಲೆ ಕೊಡೋನು ನಾನೊಬ್ಬನೇ."