ಪೆನ್‌ಡ್ರೈವ್ ಬಳಕೆಯಲ್ಲಿದೆ

‘ಈ ಸಾಧನ ಬಳಕೆಯಲ್ಲಿದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.’

ಪೆನ್‌ಡ್ರೈವ್ ಹೊರತೆಗೆಯಲು ಹೋಗಿ ಪರದೆ ಒಂಬತ್ತನೆಯ ಸಲ ಹೀಗೆಂದಾಗ ಸುಂಬರ್‌ಜಾತಿ ಊರ ಕಚೇರಿಯ ಗುಮಾಸ್ತ ವಗೀನೊ ಗಡಿಯಾರ ನೋಡಿದ. ಊರಿನ ಜನರ ಪಟ್ಟಿಯೆಲ್ಲ ಆ ಪೆನ್‌ಡ್ರೈವಿನಲ್ಲಿತ್ತು. ಮೂರು ಗಂಟೆಯೊಳಗೆ ಅದನ್ನು ತಾಲ್ಲೂಕು ಕಚೇರಿಗೆ ಮುಟ್ಟಿಸಬೇಕು. ನಾಲ್ಕಕ್ಕೆ ಅಪ್ಪ ಅಮ್ಮನ ಜೊತೆ ಪಕ್ಕದೂರಿಗೆ ಹೋಗಿ ವುಲಾನಳನ್ನು ಹೆಣ್ಣು ಕೇಳಬೇಕು. ಆ ಸೀಮೆಯಲ್ಲಿ ಹಿರಿಯ ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಬು’, ಹುಡುಗರನ್ನು ‘ಮಾಸ್’ ಎನ್ನುವುದು ವಾಡಿಕೆ; ವುಲಾನಳ ಅಪ್ಪ ಪಾಕ್ ದಾರ್ಮಾಜಿಯೂ ಆ ಊರಿನ ಗುಮಾಸ್ತರೇ. ತಡವಾಗಿ ಬಂದ ಇಬ್ಬರು ವರರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದ್ದ ಆಸಾಮಿ ಅವರು!

ವಗೀನೊ ಕಿತ್ತೇಬಿಡೋಣವೆಂದು ಕೈ ಚಾಚಿದ. ಪಕ್ಕದ ಮೇಜಿನ ಬು ಲಾಸ್ಮಿ ಆ ಕೈಗೆ ಫಟ್ ಎಂದು ಹೊಡೆದರು.

“ಊಟ ಮಾಡ್ತಾ ಇರೋರ ಮುಂದಿಂದ ತಟ್ಟೆ ಎಳೀತಾರೇನೋ, ಮಾಸ್? ಹೋದ ವರ್ಷ ಹಿಂಗೇ ಎಳೆದು ಪಟ್ಟಿಯೆಲ್ಲ ಚಿತ್ರಲಿಪಿ ಆಗಿದ್ದು ಮರೆತ್ಯಾ?”

“ಹಂಗಾದ್ರೆ ಕಂಪ್ಯೂಟರನ್ನೇ ಆಫ್ ಮಾಡ್ತೀನಿ ಬು.”

ಒತ್ತಿದರೆ, ‘ಬಲವಂತವಾಗಿ ಮುಚ್ಚಲೇ?’ ಎಂದು ಪರದೆ ಕೇಳಿತು.

“ಬಲವಂತ!” ಬು ಲಾಸ್ಮಿ ಎದೆ ಮುಟ್ಟಿಕೊಂಡರು. “ಅದೇ ಇಷ್ಟು ಮರ್ಯಾದೆಯಿಂದ ಕೇಳ್ತಿರುವಾಗ ಹೂಂ ಅನ್ನೋಕೆ ನಾಚಿಕೆ ಆಗಲ್ವಾ?”

ಗದ್ದಲ ಕೇಳಿ ಊರ ಮುಖ್ಯಸ್ಥ ಪಾಕ್ ಹಾರ್ಜೊ ಬಂದರು. ಮೀಸೆ ತಿರುವಿದರು, ಯೋಚಿಸಿದರು. “ಪೆನ್‌ಡ್ರೈವ್ ಕಂಪ್ಯೂಟರ್ ಬಿಟ್ಟು ಬರಲ್ಲ ಅಂದ್ರೆ, ಕಂಪ್ಯೂಟರೂ ಬರಲಿ! ಏನು, ಊರಲ್ಲಿ ಕೈಗಳಿಗೆ ಬರವಾ? ಹೊರ್ರೋ ಎಲ್ಲ!”

ಅಲ್ಲಿನ ಜನ ಒಂದು ಮರದ ಮನೆಯನ್ನೇ ಅನಾಮತ್ತಾಗಿ ಎತ್ತಿ ಆಚೆ ಬೀದಿಗೆ ಇಟ್ಟವರು, ಕಂಪ್ಯೂಟರ್ ಯಾವ ಲೆಕ್ಕ? ಪೆಟ್ಟಿಗೆಗೆ ನಾಲ್ವರು, ಪರದೆಗೆ ಇಬ್ಬರು, ಯುಪಿಎಸ್‌ಗೆ ಒಬ್ಬ ಕೈಕೊಟ್ಟರು. ತರಕಾರಿ ಗಾಡಿಯಲ್ಲಿ ಎಲೆಕೋಸಿನ ನಡುವೆ ಮೆರವಣಿಗೆ ಹೊರಟಿತು. ಯುಪಿಎಸ್ ಹಸಿದ ಕೋಳಿಮರಿಯಂತೆ ಕೀಂ ಕೀಂ ಎನ್ನುತ್ತಿತ್ತು. ವಗೀನೊ ಎರಡೂ ಕೈಯಿಂದ ಪೆನ್‌ಡ್ರೈವಿಗೆ ಕಾವಲು ಕೂತ. ಅಮ್ಮನ ಫೋನ್ ಬಂತು. “ಬಾಳೆಗೊನೆ, ಸಿಹಿ ಎಲ್ಲ ವ್ಯಾನಿಗೇರಿಸಾಯ್ತು. ಎಲ್ಲಿದ್ದೀಯೋ?”

“ಎಲೆಕೋಸಿನ ಮೇಲಿದ್ದೀನಮ್ಮ!”

ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಾಗ ಎರಡೂವರೆ. ಅಧಿಕಾರಿಣಿ ಬು ಎಂದಾಂಗ್ ಕಣ್ಣರಳಿಸಿದರು.

“ವೈರಸ್ ಕಾಟ ಅಂತ ಹೊರಗಿನ ಪೆನ್‌ಡ್ರೈವ್ ನಮ್ಮ ಮೆಷಿನ್‌ಗೆ ಹಾಕೋದನ್ನ ಇವತ್ತಿಂದ ನಿಲ್ಲಿಸಿದ್ದೀವಿ. ಹದಿನಾಲ್ಕು ಊರಿನೋರು ಬೆಳಗ್ಗೆಯಿಂದ ಕೂತಿದ್ದಾರೆ. ಸ್ವಂತ ಮೆಷಿನ್ ತಂದ ಬುದ್ಧಿವಂತ ನೀನೊಬ್ಬನೇ!” ಪಟ್ಟಿಯನ್ನು ಪರದೆಯ ಮೇಲೇ ನೋಡಿ ಅವನ ರಸೀದಿಗೆ ಮುದ್ರೆ ಒತ್ತಿದರು.

ವಗೀನೊಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಹದಿನಾಲ್ಕು ಪೆನ್‌ಡ್ರೈವ್‌ಗಳು ಅವನ ಮುಖಕ್ಕೆ ಮುತ್ತಿದವು. ಅವನ್ನೆಲ್ಲ ಸರಿಸಿ ಮುಂದೆ ಬಂದದ್ದು ಪಾಕ್ ದಾರ್ಮಾಜಿ.

“ಬರಬೇಕಾದೋನು ನೀನು, ಬಾಗಿಲಲ್ಲಿ ನಿಲ್ಲಬೇಕಾದೋನು ನಾನು. ಇಬ್ಬರೂ ಇಲ್ಲೇ ಇದ್ರೆ ಹೆಂಗಪ್ಪಾ? ನಂದು ಮೊದಲು ಹಾಕು, ಒಟ್ಟಿಗೇ ಹೋಗೋಣ!”

ಭಾವೀ ಮಾವ ಅಷ್ಟು ಸಲಿಗೆಯಿಂದ ಮಾತಾಡಿದ್ದು ಅದೇ ಮೊದಲು. ವಗೀನೊ ಹಿಗ್ಗಿ ಹೀರೇಕಾಯಿಯಾದ. ದಾರ್ಮಾಜಿಯವರ ಊರಿನ ಎರಡು ಸಾವಿರದ ಮುನ್ನೂರು ಜನರ ಪಟ್ಟಿ ತೆರೆಯಿತು, ಬು ಎಂದಾಂಗ್ ನೋಡಿದರು, ರಸೀದಿಗೆ ಮುದ್ರೆ ಬಿತ್ತು. ಇನ್ನು ತೆಗೆದುಕೊಂಡು ಹೊರಡುವುದೊಂದೇ ಬಾಕಿ.

‘ಈ ಸಾಧನ ಬಳಕೆಯಲ್ಲಿದೆ.’

ಒತ್ತುತ್ತಾ ಒತ್ತುತ್ತಾ ಗಂಟೆ ಮೂರೂವರೆಯಾಯಿತು. “ಎಳಿ ಮಾಸ್! ಎಳಿ!” ಹಿಂದೆ ನಿಂತಿದ್ದವರೆಲ್ಲ ಕೂಗಿದರು. ವುಲಾನಳ ಮುಖ ಕಣ್ಣಮುಂದೆ ಬಂತು. ವಗೀನೊ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ದಾರ್ಮಾಜಿಯವರ ಪೆನ್‌ಡ್ರೈವನ್ನು ಚಟಕ್ಕನೆ ಎಳೆದೇಬಿಟ್ಟ.

ಏನೂ ಆಗಲಿಲ್ಲ! ಎಲ್ಲರೂ ಚಪ್ಪಾಳೆ ತಟ್ಟಿದರು.

“ಒಂದ್ಸಲ ನೋಡೋಣ,” ಎಂದರು ಶಿಸ್ತಿನ ದಾರ್ಮಾಜಿ. “ಊರ ಪಟ್ಟಿ ಇರೋದು ಇದೊಂದರಲ್ಲೇ.”

ಮತ್ತೆ ಚುಚ್ಚಿದರು. ಪರದೆ ಬೆಳ್ಳಗಿತ್ತು. ಒಂದು ಹೆಸರೂ ಇಲ್ಲ, ಒಂದು ಮನೆಯೂ ಇಲ್ಲ.

ದಾರ್ಮಾಜಿ ಟೋಪಿ ಸರಿಮಾಡಿಕೊಂಡು, ತುಂಬಾ ಮರ್ಯಾದೆಯಿಂದ ಕೇಳಿದರು:

“ಅಲ್ಲಪ್ಪಾ, ನಮ್ಮೂರಲ್ಲಿ ಈಗ ಒಬ್ಬರೂ ಇಲ್ಲ. ನೀನು ಯಾರ ಮನೆ ಹೆಣ್ಣು ಕೇಳೋಕೆ ಹೊರಟಿದ್ದೀಯ?”