ಜಗ್ಗಿ ನೋಡುವ ಮಾವ

ನಮ್ಮ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ, ಜಗ್ಗಿ ನೋಡದೆ ದೇವರನ್ನೂ ನಂಬಿದವರಲ್ಲ! ತಮಾಷೆಗೆ ಹೇಳುತ್ತಿಲ್ಲ. ನಿಜಾಮರ ಕಾಲದಲ್ಲಿ, ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವರು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಹೊಸೆದ ಹಗ್ಗವನ್ನು ಬೇವಿನ ಟೊಂಗೆಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿ ಜೋತಾಡಿ ನೋಡಿದ ಮೇಲೆಯೇ ಮಾರಾಟ. ಬಾವಿಯ ಹಗ್ಗಕ್ಕಾದರೆ ಸರಿ, ಕರು ಕಟ್ಟುವ ಹಗ್ಗಕ್ಕೂ ಇದೇ ಪರೀಕ್ಷೆ!

"ಕರಾ ಏನು ನಿಮ್ಮಷ್ಟು ಭಾರ ಇರ್ತೈತೇನ್ರಿ?" ಎಂದು ಅತ್ತೆ ಕೇಳಿದರೆ, "ನಾಳೆ ಅದ ಎತ್ತ ಆಗೂದಿಲ್ಲೇನು?" ಎಂದು ಮೇಲಿಂದಲೇ ಉತ್ತರ ಬರುತ್ತಿತ್ತು.

ನಾನು ಯಲಬುರ್ಗಾ ಕಡೆಯ ಸಾಲಿ ಮಾಸ್ತರ. ಹೆಣ್ಣು ನೋಡಲು ಹೋದ ದಿನ, ಚಹ ಬರುವ ಮೊದಲೇ ಹಗ್ಗದ ಒಂದು ತುದಿ ನನ್ನ ಕೈಗೆ ಬಂತು. "ಹಿಡೀರಿ ಮಾಸ್ತರ" ಎಂದರು. ಹಿಡಿದೆ. ಎಳೆದರು ನೋಡಿ! ಹೊಸ ಕೋಟಿನ ಸಮೇತ ಅಂಗಳದಲ್ಲಿ ಬೋರಲು ಬಿದ್ದೆ. ಒಳಗೆ ಯಾರೋ ಕಿಸಕ್ಕನೆ ನಕ್ಕರು. ಯಾರೆಂದು ಮದುವೆಯಾದ ಮೇಲೆ ಗೊತ್ತಾಯಿತು, ಬಿಡಿ. ಮಾವ ಮಾತ್ರ ಗಂಭೀರವಾಗಿ, "ಬಿದ್ರೂ ತುದಿ ಬಿಡ್ಲಿಲ್ಲ. ಹುಡುಗ ಛಲೋ ಅದಾನ" ಎಂದು ತೀರ್ಪು ಕೊಟ್ಟರು.

ಇಂಥವರು ನಡುವಯಸ್ಸಿನಲ್ಲಿ ಹೆಂಡತಿಯೊಡನೆ ಕ್ರೈಸ್ತರಾಗಿದ್ದರು. ಪಾಪಕ್ಕೆ ಕ್ಷಮೆ ಸಿಕ್ಕಿತು, ನರಕದಿಂದ ರಕ್ಷಣೆ ಸಿಕ್ಕಿತು ಎಂದು ಪಾದ್ರಿಗಳು ಹೇಳಿದರು. ಸಿಕ್ಕಿದ್ದು ಗಟ್ಟಿ ಇದೆಯೋ ಇಲ್ಲವೋ? ಈ ಒಂದು ಚಿಂತೆ ಮಾವನ ಜೀವ ತಿನ್ನುತ್ತಿತ್ತು.

ತಿಂಗಳಿಗೊಮ್ಮೆ ಕೊಪ್ಪಳದಿಂದ ಸೈಕಲ್ ತುಳಿದು ಬರುತ್ತಿದ್ದ ಆ ಪಾದ್ರಿಗಳನ್ನು ಅವರು ಇಳಿಯಲೂ ಬಿಡುತ್ತಿರಲಿಲ್ಲ.

"ನಂಬೀರಿ ಅಂದ್ರ ಅದು ನಿಮ್ಮದ ರಿ" ಎನ್ನುವರು ಪಾದ್ರಿಗಳು.

"ಖರೆ ರಿ. ಆದ್ರ ಎಲ್ಲಿ ಹಿಡದು ಜಗ್ಗಿ ನೋಡಬೇಕು?"

ಪಾಪ, ಸೆಕೆಯಲ್ಲಿ ಹತ್ತು ಹರದಾರಿ ತುಳಿದು ಬಂದ ಮನುಷ್ಯ! "ನಿಮ್ಮ ನಡತಿ ನೋಡ್ಕೋರ್ರಿ. ಒಳಗ ರಕ್ಷಣೆ ಇದ್ರ ಹೊರಗ ಕಾಣ್ತೈತಿ" ಎಂದು ಪಾರಾದರು.

ಸರಿ, ಮಾವ ಪರಿಶುದ್ಧ ಜೀವಿತ ಶುರು ಮಾಡಿದರು. ತಂಬಾಕಿನ ಚೀಲ ಬಾವಿಗೆ ಹೋಯಿತು. ಬೈಗುಳ ಬಂದ್. ಸೋಮವಾರ ಸಂತರು, ಮಂಗಳವಾರ ಮಹಾಸಂತರು. ಗುರುವಾರ ನೆರೆಮನೆಯ ಆಡು ಬಂದು, ಹದ ಮಾಡಿಟ್ಟ ನಾರನ್ನೆಲ್ಲ ತುಳಿದು ಕೆದರಿಬಿಟ್ಟಿತು. ಮಾವ ಆ ಆಡಿನ ಏಳು ತಲೆಮಾರನ್ನು ಜಾಲಾಡಿದರು. ಬೈದು ಮುಗಿಸಿದವರೇ ತಲೆಯ ಮೇಲೆ ಕೈ ಹೊತ್ತು ಕುಳಿತರು: "ಹೋತು! ರಕ್ಷಣೆ ಹೋತು!"

ಮುಂದಿನ ಸಭೆಯಲ್ಲಿ ಪಾದ್ರಿಗಳು, "ಇವತ್ತು ಯೇಸುಸ್ವಾಮಿಗೆ ಮನಸ್ಸು ಕೊಡಾವ್ರು ಎದ್ದು ನಿಂದರ್ರಿ" ಎಂದರು. ಮೊದಲು ಎದ್ದವರು ಯಾರು? ನಮ್ಮ ಮಾವ!

"ನೀವು ಕುಂದರ್ರಿ. ಹೋದ ತಿಂಗಳ ಎದ್ದಿದ್ರಲ್ಲ!"

"ಆಮ್ಯಾಲ ಆಡು ಬಂತ್ರಿ."

ಸಭೆಯೆಲ್ಲ ನಕ್ಕಿತು. ಅತ್ತೆ ಮನೆಗೆ ಬಂದು, "ರಕ್ಷಣೆ ಏನು ನಿಮ್ಮ ಧೋತರೇನು, ದಿನಾ ಬಿಚ್ಚಿ ಮತ್ತ ಉಟಗೊಳ್ಳಾಕ?" ಎಂದು ರೊಟ್ಟಿ ಬಡಿಯಲು ಕುಳಿತರು.

ಆಮೇಲೆ ಗಂಗಾವತಿ ಕಡೆಯಿಂದ ಇನ್ನೊಬ್ಬ ಬೋಧಕರು ಬಂದರು. "ದೇವರ ಕೈಯನ್ನ ನೀವು ಬಿಗಿಯಾಗಿ ಹಿಡೀಬೇಕು. ಬಿಟ್ಟರ ಬಿದ್ದಂಗ" ಎಂದರು. ನಮ್ಮ ಪಾದ್ರಿಗಳು, "ಇಲ್ಲ, ಹಿಡದಾವ ದೇವರು. ಅವ ಬಿಡೂದಿಲ್ಲ" ಎಂದರು. ಮಾವ ಇಬ್ಬರ ನಡುವೆ ಸಿಕ್ಕು ಬೆವರಿದರು. "ಹಿಡದಾವ್ರು ಯಾರು, ನಾನೋ ಅವನೋ? ಅದೊಂದು ಹೇಳು ಅಳಿಯಾ, ನೀ ಓದಿದಾಂವ."

ನಾನು ನಕ್ಕು ಜಾರಿಕೊಂಡೆ. ಆದರೆ ಅದು ನಗುವ ಪ್ರಶ್ನೆಯೇ? ಹಿಡಿದವನು ಆತನೇ ಎಂದರೆ ನನ್ನ ನಾಲಿಗೆಯನ್ನು ಹರಿಯಬಿಡಬಹುದೇ? ಹಿಡಿಯಬೇಕಾದವನು ನಾನು ಎಂದರೆ, ಈ ಕೈಗೆ ಎಷ್ಟು ದಿನದ ತ್ರಾಣ? ಮಾವ ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಿದ್ದದ್ದನ್ನು ನಾನು ಪುಸ್ತಕ ಮುಚ್ಚಿ ಮರೆಯುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಒಂದು ಶ್ರಾವಣದಲ್ಲಿ ಅತ್ತೆ ಚಳಿಜ್ವರದಿಂದ ಮಲಗಿದರು. ನಾನೂ ನನ್ನ ಹೆಂಡತಿಯೂ ಹೋಗುವಷ್ಟರಲ್ಲಿ ದನಿ ಇಳಿದುಹೋಗಿತ್ತು. ಯಾವಾಗಲೂ ಧೈರ್ಯ ಹೇಳುತ್ತಿದ್ದವರು ಅಂದು ಮಾವನ ಕಡೆ ತಿರುಗಿ, "ನಾ ಅಕ್ಷರ ಕಲಿತಾಕಿ ಅಲ್ಲ. ನಂದು ಹ್ಯಾಂಗ್ರಿ ಅಲ್ಲಿ?" ಎಂದು ಕೇಳಿದರು.

"ನಿಂದು ಪಕ್ಕಾ!" ಎಂದರು ಮಾವ. ಒಂದು ಕ್ಷಣವೂ ತಡೆಯಲಿಲ್ಲ. "ನಿನ್ನ ಹಿಡದ ಕೈ ಬಿಡೂ ಕೈ ಅಲ್ಲ."

ಅತ್ತೆ ಆ ಜ್ವರದಲ್ಲೂ ನಕ್ಕರು. "ಹಂಗಾರ ನಿಮ್ಮನ್ನ ಹಿಡದದ್ದು ಬ್ಯಾರೆ ಕೈ ಏನ್ರಿ?"

ಮಾವ ಅತ್ತೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅದೇ ರಾತ್ರಿ ಅತ್ತೆ ತೀರಿಕೊಂಡರು. ಮರುದಿನ ಸಂಜೆ ಮಣ್ಣು. ಪೆಟ್ಟಿಗೆ ಇಳಿಸಲು ಮಾವನೇ ಹೊಸೆದ ಹಗ್ಗ ತಂದರು. ಎಲ್ಲರೂ ಅವರ ಕೈಯನ್ನೇ ನೋಡುತ್ತ ನಿಂತರು. ಊರಿಗೇ ಗೊತ್ತಲ್ಲ ಅವರ ಪದ್ಧತಿ! ಪಾದ್ರಿಗಳೇ ಮೆಲ್ಲಗೆ, "ಜಗ್ಗಿ ನೋಡ್ತೀರೇನ್ರಿ?" ಎಂದರು.

ಮಾವ ಹಗ್ಗದ ಮೇಲೆ ಒಮ್ಮೆ ಕೈಯಾಡಿಸಿದರು.

"ಬ್ಯಾಡ್ರಿ. ತಡೀತೈತಿ, ಇಳಸ್ರಿ" ಎಂದರು. ಆಮೇಲೆ ನನ್ನನ್ನು ಹುಡುಕಿ, "ಅಳಿಯಾ, ಈ ತುದಿ ನೀ ಹಿಡಿ" ಎಂದು ಕೈಗಿತ್ತರು.

ಅಳು ಬಂದು ನನಗೆ ಕುಣಿಯೂ ಕಾಣಲಿಲ್ಲ, ಪೆಟ್ಟಿಗೆಯೂ ಕಾಣಲಿಲ್ಲ. ತುದಿ ಮಾತ್ರ ಬಿಡಲಿಲ್ಲ.