ಹೆಜ್ಜಾರ್ಲೆಯ ಬಾಯಿಗೆ ಬಿದ್ದ ಮುಚ್ಚಳ

ಎರವಲು ತಂದ ವಸ್ತು ಕೈಗೆ ಬಂತೆಂದರೆ ನನಗೆ ನನ್ನ ಕೈಗಳೇ ಬೇರೆ ಯಾರದೋ ಅನಿಸತೊಡಗುತ್ತವೆ. ಪಕ್ಕದ ಮನೆಯ ಇಸ್ತ್ರಿ ಪೆಟ್ಟಿಗೆ ತಂದ ದಿನ ಅದನ್ನು ಹಿಂದಿರುಗಿಸುವವರೆಗೆ ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ. ಇಂಥವಳು ಎಪ್ಪತ್ತರ ದಶಕದ ಒಂದು ಚಳಿಗಾಲ ಭಾವನವರ ಕ್ಯಾಮೆರಾ ಕೇಳಿದೆ. ಆಗ ನಾನು ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮೈಸೂರಿನ ಪ್ರವಾಸ ಗೊತ್ತಾದಾಗ, ಮೃಗಾಲಯದ ಹಕ್ಕಿಗಳ ಫೋಟೋ ತೆಗೆದು ತಂದು ತರಗತಿಯ ಗೋಡೆಗೆ ಹಾಕುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟೆ. ಜೀವಮಾನದಲ್ಲಿ ಕ್ಯಾಮೆರಾ ಮುಟ್ಟಿಲ್ಲವೆಂಬುದು ನೆನಪಾದದ್ದು ಮನೆಗೆ ಬಂದ ಮೇಲೆ.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಅರಿವೆ ಅಂಗಡಿಯವರು, ಮಾತು ಕಡಿಮೆ. ಸೊಲ್ಲಾಪುರದಿಂದ ತಂದ ಆ ಕ್ಯಾಮೆರಾವನ್ನು ಸ್ವಂತ ಮಕ್ಕಳಿಗೂ ಮುಟ್ಟಗೊಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಅವರು ಕಪಾಟು ತೆರೆದು ತೊಗಲಿನ ಚೀಲ ನನ್ನ ಕೈಗಿಟ್ಟರು.

"ಶಾರದಾ, ಈ ಲೆನ್ಸಿನ ಮುಚ್ಚಳ ಜ್ವಾಕಿ. ತಗದ ಕೂಡ್ಲೆ ಕಿಸೇದಾಗ ಇಟ್ಕೊಬೇಕು. ಕಳದ್ರ ಇನ್ನೊಂದು ಸಿಗಂಗಿಲ್ಲ."

ಸೀರೆಗೆ ಕಿಸೆ ಎಲ್ಲಿಯದು? ಆದರೂ "ಹೂಂ ರೀ" ಎಂದೆ.

ಮೃಗಾಲಯದಲ್ಲಿ ಬೆಳಗಿನ ಮಂಜಿಗೆ ಬೆರಳುಗಳು ಸೆಟೆದಿದ್ದವು. ನವಿಲು ಬೆನ್ನು ತಿರುಗಿಸಿ ನಿಂತಿತು. ಗೂಬೆ ನನ್ನನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿತು. ಕೊನೆಗೆ ಕೊಳದ ಅಂಚಿನಲ್ಲಿ, ಕೊಕ್ಕಿನ ಕೆಳಗೆ ಚೀಲ ಹೊತ್ತ ದೊಡ್ಡ ಬಿಳಿ ಹಕ್ಕಿಯೊಂದು ಫೋಟೋಕ್ಕೆಂದೇ ಬಂದಂತೆ ನಿಂತಿತು. ಮುಚ್ಚಳ ತೆಗೆದೆ. ಎರಡು ಕೈಯಲ್ಲೂ ಕ್ಯಾಮೆರಾ ಇದ್ದುದರಿಂದ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಟಕಟೆಯ ಮೇಲೆ ಬಾಗಿದೆ.

"ಅಕ್ಕೋರ, ಇದರ ಹೆಸರೇನ್ರೀ?" ಎಂದಳು ವಿದ್ಯಾರ್ಥಿನಿಯೊಬ್ಬಳು.

ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಇರಲಾಗದ ವೃತ್ತಿ ನನ್ನದು. "ಹೆಜ್ಜಾರ್ಲೆ" ಎಂದೆ. ಮುಚ್ಚಳ ನೀರಿಗೆ ಬಿತ್ತು. ಹೆಜ್ಜಾರ್ಲೆ ಅದನ್ನು ಒಂದೇ ಬಾರಿಗೆ ನೀರಿನ ಸಮೇತ ಬಾಚಿ, ಕತ್ತು ಎತ್ತಿ, ನುಂಗಿತು.

ಮೀನಿನ ಬಕೆಟ್ ಹಿಡಿದ ಕಾವಲುಗಾರ ಓಡಿ ಬಂದ. "ಏನ್ರಮ್ಮಾ ಹಾಕಿದ್ರಿ?"

"ಹಾಕಿಲ್ರೀ, ಬಿತ್ತು. ಹೊರಗ ಬರ್ತೈತೇನ್ರೀ?"

"ಮೀನಲ್ಲ ಅಂತ ಗೊತ್ತಾದ್ರೆ ಉಗುಳುತ್ತೆ. ಯಾವಾಗ ಅಂತ ಹೇಳಕ್ಕಾಗಲ್ಲ."

ಮಕ್ಕಳು ಇನ್ನೊಬ್ಬ ಶಿಕ್ಷಕಿಯ ಜೊತೆ ಹುಲಿ ನೋಡಲು ಹೋದರು. ನಾನು ಬಸ್ಸು ಹೊರಡುವ ತನಕ ಹೆಜ್ಜಾರ್ಲೆಯ ಕೊಕ್ಕನ್ನೇ ನೋಡುತ್ತ ನಿಂತೆ. ಅದು ಉಗುಳಲಿಲ್ಲ. ಚೀಟಿಯ ಮೇಲೆ ವಿಳಾಸ ಬರೆದು ಕಾವಲುಗಾರನ ಕೈಗಿಟ್ಟು ಬೇಡಿಕೊಂಡೆ.

ಮನೆಗೆ ಬಂದು ಚೀಲದ ಗುಂಡಿ ಭದ್ರವಾಗಿ ಹಾಕಿ, ಏನೂ ಆಗದವಳಂತೆ ಕ್ಯಾಮೆರಾ ಒಪ್ಪಿಸಿದೆ. ಭಾವ ತೆರೆದು ನೋಡದೆ ಕಪಾಟಿನಲ್ಲಿಟ್ಟರು. ಅಲ್ಲಿಂದ ಹದಿನೈದು ದಿನ ಅವರು ಕಪಾಟಿನ ಕಡೆ ಹೋದಾಗಲೆಲ್ಲ ನನ್ನ ಕೈಯಿಂದ ಏನಾದರೊಂದು ಬೀಳುತ್ತಿತ್ತು. ಎರಡು ಬಟ್ಟಲು, ಒಂದು ಉಪ್ಪಿನಕಾಯಿ ಜಾಡಿ. ನಮ್ಮ ಯಜಮಾನರಿಗೆ ಹೇಳಿದರೆ, "ಸುಮ್ನಿರು, ನಾನೂ ಸುಮ್ನಿರ್ತೇನಿ" ಎಂದರು.

ಗಾಬರಿಯಲ್ಲಿ ನಾನು ಶಾಲೆಯ ವಿಳಾಸದ ಬದಲು ಮನೆಯದನ್ನೇ ಕೊಟ್ಟಿದ್ದೆ. ಮನೆಯ ಟಪಾಲೆಲ್ಲ ಹೋಗುವುದು ಭಾವನ ಅಂಗಡಿಗೆ. ಒಂದು ಮಧ್ಯಾಹ್ನ ಅವರು ಬಂದು ಕರೆದರು. ಅಂಗೈಯಲ್ಲಿ ಮುಚ್ಚಳ, ಇನ್ನೊಂದು ಕೈಯಲ್ಲಿ ಕಾಗದ.

"'ಮೂರನೇ ದಿನ ಉಗುಳಿತು, ತೊಳೆದು ಕಳಿಸಿದ್ದೇನೆ' ಅಂತ ಬರದಾನ. ಯಾರು ಉಗುಳಿದ್ದು?"

ಎಲ್ಲವನ್ನೂ ಹೇಳಿದೆ. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಕ್ಕಿ ಆರಾಮ ಐತೋ ಇಲ್ಲೋ, ಬರದೇ ಇಲ್ಲಲ್ಲ ಇಂವ. ಮೂರು ದಿನ ಏನು ಉಂಡೇತೋ ಪಾಪ. ಒಂದು ಕಾರ್ಡ್ ಬರದು ಕೇಳವ್ವಾ."

ಅದು ಗಟ್ಟಿಮುಟ್ಟಾಗಿದೆ ಎಂದು ಆಮೇಲೆ ಉತ್ತರವೇನೋ ಬಂತು. ಆದರೆ ಅಂದು ಕಾರ್ಡ್ ಬರೆಯಲು ಕುಳಿತಾಗ, ಹದಿನೈದು ದಿನ ಕಂಡ ದೇವರಿಗೆಲ್ಲ ಮುಚ್ಚಳಕ್ಕಾಗಿ ಕೈ ಮುಗಿದವಳು ಹಕ್ಕಿಯನ್ನು ಒಮ್ಮೆಯೂ ನೆನೆದಿರಲಿಲ್ಲವೆಂದು ಹೊಳೆಯಿತು. ಕೊನೆಯಲ್ಲಿ 'ವಿಜ್ಞಾನ ಶಿಕ್ಷಕಿ' ಎಂದು ಬರೆಯಲು ಕೈ ಬರಲಿಲ್ಲ. ಬರೀ 'ಶಾರದಾ' ಎಂದು ಸಹಿ ಹಾಕಿದೆ.